ನಿನ್ನೆ ನೀವು ಕಾಣಲಿಲ್ಲ

ಮೂಲೆಯಲ್ಲಿ ಕುಳಿತು ಸುಮ್ಮನೆ ನೋಡುವ ಗಂಡಸರನ್ನು ಅವಳು ನಂಬುತ್ತಿರಲಿಲ್ಲ. ಅದರಲ್ಲೂ ಇಸ್ತ್ರಿ ಮುರಿಯದ ಅಂಗಿ ತೊಟ್ಟು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಣ್ಣಿಗೆ ಕಣ್ಣು ಸಿಕ್ಕಿದವರಿಗೆಲ್ಲ ನಸುನಗುವವನನ್ನು ನಂಬುವುದುಂಟೆ? ಆಸ್ಪತ್ರೆಯ ಹಿಂಬದಿಯ ಆ ವ್ಯಾಯಾಮದ ಹಾಲ್‌ನಲ್ಲಿ ಎಲ್ಲರಿಗೂ ಒಂದಲ್ಲ ಒಂದು ನೋವಿತ್ತು. ಇವನೊಬ್ಬನಿಗೆ ಏನೂ ಇದ್ದಂತೆ ಕಾಣಲಿಲ್ಲ.

ಬೆಳಗಿನಿಂದ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅವಳು ಒಬ್ಬರ ಮಂಡಿ ಮಡಿಸಿದರೆ ನೋಡುತ್ತಿದ್ದ, ಇನ್ನೊಬ್ಬರ ಭುಜ ಎತ್ತಿಸಿದರೆ ನೋಡುತ್ತಿದ್ದ, ನಡುವೆ ನೀರು ಕುಡಿದರೂ ನೋಡುತ್ತಿದ್ದ. ಮ್ಯಾನೇಜ್‌ಮೆಂಟಿನವರು ಬೇಹುಗಾರನನ್ನು ಬಿಟ್ಟಿದ್ದಾರೆ, ಫಿಸಿಯೋಗಳು ಎಷ್ಟು ಹೊತ್ತು ಹರಟೆ ಹೊಡೆಯುತ್ತಾರೆ ಎಂದು ವರದಿ ಒಪ್ಪಿಸಲು ಬಂದವನು ಎಂದು ಅವಳು ತೀರ್ಮಾನಿಸಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ತಾಳ್ಮೆ ತೀರಿತು.

"ರೀ, ಇಲ್ಲಿ ನೋಡ್ತಾ ಕೂರೋರಿಗೆ ಜಾಗ ಇಲ್ಲ. ಬನ್ನಿ, ಮಲ್ಕೊಳ್ಳಿ."

"ನಾನಾ?"

"ಮತ್ತೆ ನಿಮ್ಮ ಸ್ಟೂಲಾ?"

ಅವನು ಪಾಪದ ಪ್ರಾಣಿಯಂತೆ ಎದ್ದು ಬಂದು ಮಲಗಿದ. ಅವಳು ಸುತ್ತಿದ ಟವೆಲ್ಲನ್ನು ಅವನ ಮಂಡಿಯ ಕೆಳಗೆ ತುರುಕಿದಳು.

"ಒತ್ತಿ. ಮಂಡಿಯಿಂದ ಟವೆಲ್‌ನ ಕೆಳಕ್ಕೆ ಒತ್ತಿ. ಹಿಡ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ. ಇನ್ನೊಂದ್ಸಲ. ಇದೇ ಕೊನೇದು."

ಅವನು ಒತ್ತಿದ.

"ಚೆನ್ನಾಗಿ ಮಾಡಿದ್ರಿ. ಈಗ ನಿಜವಾಗ್ಲೂ ಕೊನೇದು."

ಅವನು ಮತ್ತೆ ಒತ್ತಿದ. ಹಣೆಯಲ್ಲಿ ಬೆವರು ಮೂಡಿತು. "ಮೇಡಂ, ಈ ಕೊನೇದಕ್ಕೆ ಒಂದು ಕೊನೆ ಅಂತ ಇದೆಯಾ?"

ಪಕ್ಕದ ಹಾಸಿಗೆಯಲ್ಲಿ ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡು ಮಲಗಿದ್ದ ಹೆಡ್‌ಮಿಸ್ಸು ಗಹಗಹಿಸಿ ನಕ್ಕರು. ಹೊಸ ಮಂಡಿ ಹಾಕಿಸಿಕೊಂಡಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ ಅವರು. ಹಾಲ್‌ನಲ್ಲಿ ಎಲ್ಲರಿಗೂ ಹೆಡ್‌ಮಿಸ್ಸೇ. "ಇಲ್ಲಪ್ಪ, ಇವಳ ಕೊನೇದನ್ನ ನಂಬಿ ಕೆಟ್ಟೋರೇ ನಾವೆಲ್ಲ. ಹಿಂಗೇ ಹೇಳಿ ಹೇಳಿ ನನ್ನನ್ನ ಮೆಟ್ಟಿಲು ಹತ್ತಿಸಿಬಿಟ್ಟಿದ್ದಾಳೆ."

ಆಮೇಲೆ ತಿಳಿಯಿತು, ಅವನು ಬೇಹುಗಾರನಲ್ಲ, ಡಿಸೈನರ್. ಆಪರೇಷನ್ ಆಗಿ ಮನೆಗೆ ಹೋದವರು ನಾಲ್ಕು ದಿನ ವ್ಯಾಯಾಮ ಮಾಡಿ ಐದನೇ ದಿನ ಕೈಬಿಡುತ್ತಾರೆ, ಮಂಡಿ ಮರದ ಕೊರಡಾಗುತ್ತದೆ. ಅವರು ಕೈಬಿಡದಂತೆ ನೆನಪಿಸಿ, ಹುರಿದುಂಬಿಸಿ, ಪುಸಲಾಯಿಸುವ ಒಂದು ಆಪ್ ಮಾಡಲು ಆಸ್ಪತ್ರೆಯವರು ಅವನ ಕಂಪನಿಗೆ ಹೇಳಿದ್ದರು.

"ಅಂದ್ರೆ ಜನರಿಗೆ ಮಂಕುಬೂದಿ ಎರಚೋದು ನಿಮ್ಮ ಉದ್ಯೋಗ," ಎಂದಳು.

"ಅವರಿಗೆ ಬೇಕಾಗಿರೋದನ್ನ ಅವರೇ ಮಾಡೋ ಹಾಗೆ ಸ್ವಲ್ಪ ಸಹಾಯ ಮಾಡೋದು."

"ಬಾಯಿಪಾಠ ಚೆನ್ನಾಗಿದೆ."

"ನೀವು ಈಗ ನನಗೆ ಮಾಡಿದ್ದೂ ಅದೇ ತಾನೆ?" ಎಂದು ಅವನು ಮಂಡಿ ನೀವಿಕೊಳ್ಳುತ್ತ ಕೇಳಿದ.

"ನಾನು ಎದುರಿಗೆ ನಿಂತು ಸುಳ್ಳು ಹೇಳ್ತೀನಿ. ನಿಮ್ಮ ಫೋನು ಮರೆಯಲ್ಲಿ ನಿಂತು ಹೇಳುತ್ತೆ."

ಅವನು ನಗಲಿಲ್ಲ. ಅವಳ ಮುಖವನ್ನೇ ಒಂದು ಕ್ಷಣ ನೋಡಿದ, ಆಮೇಲೆ ಕಣ್ಣು ಕೆಳಗಿಳಿಸಿ ಅವಳ ಕೈಗಳನ್ನು ನೋಡಿದ, ಆಮೇಲೆ ಅದು ತಪ್ಪೆನಿಸಿತೇನೋ, ಕಿಟಕಿಯತ್ತ ತಿರುಗಿದ. ಅವನ ಕಿವಿ ಕೆಂಪಾಗಿತ್ತು. ವ್ಯಾಯಾಮದಿಂದ ಕೆಂಪಾಗುವುದು ಮುಖ, ಕಿವಿಯಲ್ಲ ಎಂಬುದು ಫಿಸಿಯೋ ಆದವಳಿಗೆ ಗೊತ್ತಿತ್ತು.

ಆಪ್‌ನಲ್ಲಿ ರೋಗಿಗಳಿಗೆ ಯಾವ ಮಾತು ಹೇಗೆ ಹೇಳಬೇಕೆಂದು ಅವನಿಗೆ ತಿಳಿಸಿಕೊಡುವ ಕೆಲಸ ಅವಳ ಪಾಲಿಗೇ ಬಂತು. ಮೊದಲ ದಿನ ಅವನು ಕೇಳಿದ್ದು ಬರೀ ಐದು ನಿಮಿಷ. ಎರಡನೇ ವಾರಕ್ಕೆ ಅದು ಕ್ಯಾಂಟೀನಿನ ಒಂದು ಟೀ ಆಯಿತು. ಆಮೇಲಾಮೇಲೆ ಸಂಜೆ ಬಸ್‌ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುವುದೂ ಆಯಿತು. ಅದಕ್ಕೆ ಯಾರು ಯಾವಾಗ ಒಪ್ಪಿಗೆ ಕೊಟ್ಟರೆಂದು ಅವಳಿಗೇ ನೆನಪಿರಲಿಲ್ಲ.

ಕ್ಯಾಂಟೀನಿನಲ್ಲಿ ಕೂತು ಅವನು ತನ್ನ ವಿದ್ಯೆಯ ಗುಟ್ಟುಗಳನ್ನೆಲ್ಲ ಬಿಚ್ಚಿಡುತ್ತಿದ್ದ. "ಯಾರಿಗಾದ್ರೂ ದೊಡ್ಡ ಅಭ್ಯಾಸ ಮಾಡಿಸ್ಬೇಕು ಅಂದ್ರೆ ಮೊದ್ಲು ಚಿಕ್ಕದು ಕೇಳ್ಬೇಕು. ಇಲ್ಲ ಅನ್ನೋಕೆ ನಾಚಿಕೆ ಆಗೋಷ್ಟು ಚಿಕ್ಕದು."

"ಆಮೇಲೆ?"

"ಆಮೇಲೆ ದಿನಾ ಒಂದೇ ಹೊತ್ತಿಗೆ, ಆಗ್ಲೇ ಇರೋ ಯಾವುದಾದ್ರೂ ಕೆಲಸದ ಜೊತೆಗೆ ಅದನ್ನ ಗಂಟು ಹಾಕ್ಬೇಕು. ಟೀ ಕುಡಿದ ಕೂಡಲೇ ಮಂಡಿ ಮಡಿಸೋದು ಅಂತ. ಮತ್ತೆ ಹೊಗಳಿದ್ರೆ ಸುಮ್ನೆ ಭೇಷ್ ಅನ್ಬಾರ್ದು. ಇಂಥದ್ದನ್ನ ಹಿಂಗೆ ಮಾಡಿದ್ರಿ, ಅದು ಚೆನ್ನಾಗಿತ್ತು ಅನ್ಬೇಕು."

"ಹೂಂ."

"ಕೊನೆಗೆ ಒಂದಷ್ಟು ದಿನ ನೆನಪಿಸೋದನ್ನ ಪೂರ್ತಿ ನಿಲ್ಲಿಸಿ ನೋಡ್ಬೇಕು. ಯಾರೂ ನೆನಪಿಸದೇನೂ ಮಾಡಿದ್ರೆ ಮಾತ್ರ ಅದು ಅವರ ಅಭ್ಯಾಸ. ಅಲ್ಲೀವರೆಗೂ ಅದು ನಮ್ಮ ಗೆಲುವು, ಅವರದಲ್ಲ." ಅಷ್ಟು ಹೇಳಿ ಅವನು ಅವಳ ಮುಂದೆ ಲೋಟ ಸರಿಸಿದ. "ಸಕ್ಕರೆ ಕಮ್ಮಿ ಹೇಳಿದ್ದೀನಿ."

ಲೋಟ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಸಕ್ಕರೆ ಕಡಿಮೆ ಇರಲಿ ಎಂದು ಅವಳು ಎಂದೋ ಒಮ್ಮೆ ಹೇಳಿದ್ದಳು. ಮೊದಲು ಐದು ನಿಮಿಷ, ಆಮೇಲೆ ಟೀ. ದಿನವೂ ಒಂದೇ ಹೊತ್ತು. ನಿನ್ನೆ ತಾನೇ ಅವನು, "ಆ ಟೈಲರ್ ಅಜ್ಜನ ಭುಜ ಎತ್ತಿಸುವಾಗ ನೀವೂ ಉಸಿರು ಹಿಡಿದಿದ್ರಿ, ಅದು ನೋಡೋಕೆ ಚೆನ್ನಾಗಿತ್ತು" ಎಂದಿದ್ದ. ಇಂಥದ್ದನ್ನು ಹೀಗೆ ಮಾಡಿದಿರಿ, ಅದು ಚೆನ್ನಾಗಿತ್ತು.

ಟೀ ಬಾಯಲ್ಲಿ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಎದುರಿಗೆ ಅವನು ಹುಬ್ಬು ಸ್ವಲ್ಪ ಮೇಲೆತ್ತಿ, ಟೀ ಹೇಗಿದೆ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಚೆಂದದ ಕಣ್ಣು. ಅದೇ ಅಲ್ಲವೇ ತೊಂದರೆ.

ಮನೆಯಲ್ಲಿ ಚಿಕ್ಕಮ್ಮನಿಗೆ ವಿಷಯ ಹೇಳಿದಳು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ವಿಮೆ ಏಜೆಂಟ್. ಕಲ್ಲನ್ನೂ ಮಾತಾಡಿಸಿ ಪಾಲಿಸಿ ಮಾಡಿಸುವಾಕೆ. ಮಡಚುತ್ತಿದ್ದ ಬಟ್ಟೆ ಬಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಟೀ ಕೊಡಿಸಿದ, ಸಕ್ಕರೆ ಕಮ್ಮಿ ಹಾಕಿಸಿದ. ಇದು ಅಪರಾಧಾನಾ?"

"ಅತಿ ವಿನಯಂ ಧೂರ್ತ ಲಕ್ಷಣಂ ಅಂತ ನೀನೇ ಹೇಳ್ತೀಯಲ್ಲ ಚಿಕ್ಕಮ್ಮ."

"ತಾ ಕಳ್ಳ ಪರರ ನಂಬ ಅಂತಾನೂ ಹೇಳ್ತೀನಿ. ದಿನಾ ಬೆಳಗ್ಗೆಯಿಂದ ಸಂಜೆವರೆಗೂ ಕೊನೇದು ಕೊನೇದು ಅಂತ ಜನರಿಗೆ ಟೋಪಿ ಹಾಕೋಳು ನೀನು."

ಅವಳು ನಕ್ಕಳು, ಆದರೆ ತಲೆಯೊಳಗೆ ಹೊಕ್ಕ ಹುಳ ಹೊರಗೆ ಬರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಒಬ್ಬನ ಜೊತೆ ಮದುವೆಯ ಮಾತು ಬಲಿತಿತ್ತು. "ನಿನ್ನಂಥೋಳು ಇನ್ನೊಬ್ಬಳಿಲ್ಲ" ಎಂದು ದಿನವೂ ಮೆಸೇಜು ಕಳಿಸುತ್ತಿದ್ದ. ಅದೇ ಮೆಸೇಜು, ಅದೇ ಅಕ್ಷರ, ಅದೇ ಗುಲಾಬಿಯ ಚಿತ್ರ ಇನ್ನಿಬ್ಬರಿಗೂ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ಅಂದಿನಿಂದ ಅವಳಿಗೆ ಒರಟು ಮಾತಿನ ಭಯವಿರಲಿಲ್ಲ, ಸವಿಮಾತಿನ ಭಯವಿತ್ತು. ಒಮ್ಮೆ ಮೋಸ ಹೋದರೆ ಅವನು ಕೆಟ್ಟವನು, ಮತ್ತೆ ಹೋದರೆ ತಾನು ದಡ್ಡಿ ಎಂದು ಅವಳ ಲೆಕ್ಕ.

ಚಿಕ್ಕಮ್ಮನಿಗೆ ಹಲ್ಲು ಕೀಳಿಸಲು ಅವಳು ಒಂದು ದಿನ ರಜೆ ಹಾಕಿದಳು. ಮರುದಿನ ಬೆಳಿಗ್ಗೆ ಹಾಲ್‌ನ ಬಾಗಿಲು ತೆಗೆದಾಗ ಅವನು ಅಲ್ಲೇ ನಿಂತಿದ್ದ. ಲ್ಯಾಪ್‌ಟಾಪ್ ಇರಲಿಲ್ಲ. ಅಂಗಿಯ ಇಸ್ತ್ರಿಯೂ ಅಷ್ಟಕ್ಕಷ್ಟೆ.

"ನಿನ್ನೆ ನೀವು ಕಾಣಲಿಲ್ಲ," ಎಂದ. ಏನೋ ಇನ್ನೂ ಹೇಳಲು ಹೋಗಿ ತಡವರಿಸಿದ. "ದಿನ ಮುಗಿಯೋದೇ ಇಲ್ವೇನೋ ಅನ್ನಿಸ್ತು."

ಹೇಳಿದವನೇ ತಾನೇ ಬೆಚ್ಚಿಬಿದ್ದವನಂತೆ, "ಅಲ್ಲ, ಅಂದ್ರೆ, ಮೀಟಿಂಗ್ ಇತ್ತು" ಎನ್ನುತ್ತ ಕಾರಿಡಾರಿನ ಕೊನೆಗೆ ನಡೆದುಬಿಟ್ಟ. ಮೀಟಿಂಗ್ ರೂಮ್ ಇದ್ದದ್ದು ಈ ಕಡೆ. ಅವಳು ಬಾಗಿಲ ಚಿಲಕ ಹಿಡಿದು ಹಾಗೆಯೇ ನಿಂತಳು. ಮುಖ ತಾನಾಗಿ ಅರಳಿತ್ತು. ಅಂದು ಅವಳ ರೋಗಿಗಳಿಗೆಲ್ಲ ಕೊನೆಯದು ನಿಜಕ್ಕೂ ಕೊನೆಯದೇ ಆಗಿತ್ತು. ಆ ಎರಡು ವಾಕ್ಯಗಳನ್ನು ಅವಳು ಮನೆಗೆ ಒಯ್ದಳು, ಸ್ನಾನದ ಮನೆಗೆ ಒಯ್ದಳು, ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಳು. ಇದು ಮಾತ್ರ ವಿದ್ಯೆಯಲ್ಲ, ಇದು ಮನಸ್ಸು ಎಂದು ನಂಬಿದಳು.

ಆಪ್ ರೋಗಿಗಳ ಫೋನು ಸೇರಿತು, ನಂಬಿಕೆ ಹತ್ತು ದಿನವೂ ಬಾಳಲಿಲ್ಲ.

"ನೋಡೇ ಇಲ್ಲಿ, ನಿಮ್ಮ ಆಪ್ ನನ್ನನ್ನ ಹೆಂಗೆ ಮಾತಾಡಿಸ್ತಿದೆ," ಎಂದು ಹೆಡ್‌ಮಿಸ್ಸು ಫೋನು ಮುಂದೆ ಹಿಡಿದರು. "ನಿನ್ನೆ ಮೊಮ್ಮಕ್ಕಳು ಬಂದಿದ್ರು ಅಂತ ವ್ಯಾಯಾಮ ಮಾಡಿರ್ಲಿಲ್ಲ. ಬೆಳಗ್ಗೆ ಎದ್ರೆ ಇದು ಬಂದಿದೆ. ನಮ್ಮ ಯಜಮಾನ್ರು ಇದ್ದಾಗಲೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ ಕಣೇ. ಎದ್ದು ಹಲ್ಲು ಉಜ್ಜೋಕೂ ಮುಂಚೆ ಮಂಡಿ ಮಡಿಸಿದೆ."

ಪರದೆಯ ಮೇಲೆ ನೀಲಿ ಚೌಕದೊಳಗೆ ಬರೆದಿತ್ತು: *ನಿನ್ನೆ ನೀವು ಕಾಣಲಿಲ್ಲ. ದಿನ ಮುಗಿಯೋದೇ ಇಲ್ವೇನೋ ಅನ್ನಿಸ್ತು.*

ಅವಳು ಎರಡು ಸಲ ಓದಿದಳು. ಆಚೆ ಹಾಸಿಗೆಯ ಟೈಲರ್ ಅಜ್ಜ, "ನಂಗೂ ಬಂತಲ್ಲ ಅದು" ಎಂದು ಕೂಗಿ ಹೇಳಿದ. ಅವಳು ಹಾಲ್ ಬಿಟ್ಟು ಅವನನ್ನು ಹುಡುಕಿಕೊಂಡು ಹೊರಟಳು.

ಅವನು ಸಿಕ್ಕಿದ್ದು ಲಿಫ್ಟಿನ ಎದುರು. ಅವಳು ಪೀಠಿಕೆ ಹಾಕಲಿಲ್ಲ.

"ನನಗೆ ಹೇಳಿದ ಮಾತು ಹೆಡ್‌ಮಿಸ್ ಫೋನಲ್ಲಿದೆ. ಅಜ್ಜನ ಫೋನಲ್ಲೂ ಇದೆ. ಇನ್ನೂ ಎಷ್ಟು ಜನಕ್ಕೆ ದಿನ ಮುಗೀಲಿಲ್ಲ?"

ಅವನು ಲಿಫ್ಟಿನ ಗುಂಡಿಯಿಂದ ಕೈ ತೆಗೆದ. "ಅದು... ಅದನ್ನ ಮೊದ್ಲು ನಿಮಗೇ ಹೇಳಿದ್ದು. ಆಮೇಲೆ ಟೇಬಲ್ ಮುಂದೆ ಕೂತಾಗ, ಬಿಟ್ಟುಹೋದವರನ್ನ ವಾಪಸ್ ಕರೆಯೋಕೆ ಒಂದು ಮಾತು ಬೇಕಿತ್ತು. ಬರೆದಿದ್ದೆಲ್ಲ ಸಪ್ಪೆ. ನನ್ನ ಹತ್ರ ಇದ್ದ ಒಂದೇ ನಿಜವಾದ ಮಾತು ಅದು. ಯೋಚನೆನೇ ಮಾಡ್ದೆ ಹಾಕಿಬಿಟ್ಟೆ."

"ಅಂದ್ರೆ ಮೊದ್ಲು ನನ್ನ ಮೇಲೆ ಪ್ರಯೋಗ. ಕೆಲಸ ಮಾಡಿದ ಮೇಲೆ ಊರಿಗೆಲ್ಲ ಹಂಚೋದು."

"ಇಲ್ಲ, ಹಾಗಲ್ಲ—"

"ನನ್ನ ಕಿವಿ ಕೆಂಪಾಯ್ತಾ ಇಲ್ವಾ ಅಂತಾನೂ ನೋಡ್ಕೊಂಡ್ರಾ? ಇನ್ಮೇಲೆ ನನಗೆ ಒಂದು ಮಾತೂ ಬೇಡ. ಟೀನೂ ಬೇಡ. ಗುಡ್ ಮಾರ್ನಿಂಗೂ ಬೇಡ."

ಲಿಫ್ಟಿನ ಬಾಗಿಲು ತೆರೆದು ಯಾರೂ ಹತ್ತದೆ ಮತ್ತೆ ಮುಚ್ಚಿಕೊಂಡಿತು. ಅವನು, "ಸರಿ" ಎಂದಷ್ಟೇ ಹೇಳಿದ.

ಮಾತು ಆಡಿದರೆ ಹೋಯಿತು ಎನ್ನುವುದು ಸುಳ್ಳಲ್ಲ. ಅವನು ನಿಜವಾಗಿಯೂ ಸುಮ್ಮನಾದ. ಹಾಲ್‌ಗೆ ಬಂದರೂ ದೂರದಲ್ಲಿ ತಲೆತಗ್ಗಿಸಿ ಕೆಲಸ ಮಾಡಿಕೊಂಡು ಹೋಗುತ್ತಿದ್ದ. ಸಂಜೆ ಬಸ್‌ಸ್ಟಾಪಿನ ದಾರಿ ಇದ್ದಕ್ಕಿದ್ದಂತೆ ಉದ್ದವಾಯಿತು. ಅದೇ ವಾರ ಆಸ್ಪತ್ರೆಯಲ್ಲೊಂದು ಸೂಚನೆ ಬಂತು: ಆಪ್‌ನಿಂದ ರೋಗಿಗಳಿಗೆ ಕೆಲವು ದಿನ ಯಾವ ಜ್ಞಾಪನೆಯೂ ಹೋಗುವುದಿಲ್ಲ, ಯಾರು ತಾವಾಗಿಯೇ ವ್ಯಾಯಾಮ ಮುಂದುವರಿಸುತ್ತಾರೆಂದು ನೋಡಲಾಗುವುದು.

ಓದಿದ ಕೂಡಲೇ ಅವಳ ಕಿವಿ ನೆಟ್ಟಗಾಯಿತು. ಓಹೋ! ಅವರ ಜೊತೆ ನನ್ನನ್ನೂ ಸೇರಿಸಿದ್ದಾನೆ. ನೆನಪಿಸುವುದನ್ನು ನಿಲ್ಲಿಸಿ, ನಾನಾಗಿಯೇ ಬರುತ್ತೇನೋ ಎಂದು ಕಾಯುತ್ತಿದ್ದಾನೆ. ಮಾತಾಡಿದ್ದು ತಂತ್ರ, ಮಾತು ಬಿಟ್ಟದ್ದು ಇನ್ನೂ ದೊಡ್ಡ ತಂತ್ರ! ತಾನೇ ಬಾಯಿ ಮುಚ್ಚಿಸಿದ್ದೆಂಬುದನ್ನು ಅವಳು ಅನುಕೂಲಕ್ಕೆ ತಕ್ಕಂತೆ ಮರೆತಿದ್ದಳು. ಕ್ಯಾಂಟೀನಿನ ಕಡೆ ಕಾಲು ಎಳೆದರೆ, "ಇದೇ ಅವನಿಗೆ ಬೇಕಾಗಿರುವುದು" ಎಂದು ಗದರಿಸಿ ಕಾಲನ್ನು ಹಿಂದಕ್ಕೆ ತಂದಳು. ಫೋನು ಗುನುಗಿದರೆ ಹಾರಿಬಿದ್ದು ನೋಡಿದಳು, ಅವನದಲ್ಲವೆಂದು ಗೊತ್ತಾದಾಗ ಅವನ ಮೇಲೇ ಸಿಟ್ಟಾದಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಅವಳ ಹಳದಿ ಕಣ್ಣಿಗೆ ಅವನ ಬೆನ್ನು ಕೂಡ ನಾಟಕ ಆಡುತ್ತಿರುವಂತೆ ಕಂಡಿತು.

"ನೆನಪಿಸೋದು ನಿಲ್ಲಿಸಿದ್ದಾರಲ್ಲ, ಮಾಡ್ತಿದ್ದೀರಾ?" ಎಂದು ಹೆಡ್‌ಮಿಸ್ಸನ್ನು ಕೇಳಿದಳು.

"ಮಾಡ್ದೆ ಏನು? ಕೂಗೋದು ಅದರ ಕೆಲಸ. ಎದ್ದಿದ್ದು ನಾನು ತಾನೆ?" ಹೆಡ್‌ಮಿಸ್ಸು ಕಾಲು ಚಾಚಿದರು. "ಆದ್ರೂ ಈ ದರಿದ್ರ ಮಂಡಿ ಇಲ್ಲಿಂದ ಆಚೆಗೆ ಮಡಚ್ತಾನೇ ಇಲ್ಲ. ಕಲ್ಲಾಗಿದೆ."

ಅವಳು ತೊಡೆಯ ಸ್ನಾಯು ಮುಟ್ಟಿ ನೋಡಿದಳು. "ಮಂಡಿ ಗಟ್ಟಿಯಾಗಿಲ್ಲ ಮಿಸ್, ಹೆದರಿದೆ. ಹಿಂದೆ ನೋವಾಗಿತ್ತಲ್ಲ, ಮತ್ತೆ ಆಗುತ್ತೆ ಅಂತ ಮೊದ್ಲೇ ಬಿಗಿ ಹಿಡ್ಕೊಂಡಿದೆ. ನಾನಿನ್ನೂ ಕೈನೇ ಹಾಕಿಲ್ಲ, ನೋಡಿ."

"ಹಂಗಾದ್ರೆ ಬಿಡಿಸೋದು ಹೆಂಗೆ?"

"ನಾನು ಬಿಡಿಸೋಕಾಗಲ್ಲ. ನೀವೇ ಸಡಿಲ ಬಿಡ್ಬೇಕು."

ಹೇಳಿದ ಮೇಲೆ ಆ ಮಾತು ತನಗೇ ತಾಗಿತು. ಅವಳು ಮುಂದಿನ ರೋಗಿಯನ್ನು ಎರಡು ಸಲ ತಪ್ಪು ಹೆಸರಿನಿಂದ ಕರೆದಳು.

ಪ್ರಯೋಗದ ಫಲಿತಾಂಶ ಹೇಳಲು ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಸಭೆ ಕರೆದರು. ಅವಳೂ ಹೋಗಬೇಕಾಯಿತು. ಅವನು ಮೇಜಿನ ಆ ತುದಿಯಲ್ಲಿ, ಅವಳು ಈ ತುದಿಯಲ್ಲಿ. ಅವನ ಬಾಸ್ ಚುರುಕು ಹೆಂಗಸು. ಗೋಡೆಯ ಪರದೆಯ ಮೇಲೆ ಗೆರೆಗಳನ್ನು ಏರಿಸಿ ಇಳಿಸಿ ತೋರಿಸಿದಳು.

"ಇಡೀ ಪ್ರಾಜೆಕ್ಟ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಈ ಒಂದು ಮೆಸೇಜು," ಎಂದಳು. ಪರದೆಯ ಮೇಲೆ ಅದೇ ಎರಡು ವಾಕ್ಯ. "ಬಿಟ್ಟುಹೋದವರಲ್ಲಿ ಮುಕ್ಕಾಲು ಪಾಲು ಜನ ಇದನ್ನ ನೋಡಿ ವಾಪಸ್ ಬಂದಿದ್ದಾರೆ. ಇದನ್ನ ನಮ್ಮ ಎಲ್ಲಾ ಆಪ್‌ಗೂ ಹಾಕ್ತಿದ್ದೀವಿ. ಶಾಪಿಂಗ್ ಆಪ್‌ನವರು ಆಗ್ಲೇ ಕೇಳಿದ್ದಾರೆ."

"ಆಗಲ್ಲ," ಎಂದ ಅವನು.

ಎಲ್ಲರೂ ತಿರುಗಿ ನೋಡಿದರು.

"ಅದನ್ನ ನಿನ್ನೆನೇ ತೆಗೆದುಹಾಕಿದ್ದೀನಿ. ಅದು ಸುಳ್ಳು ಮೆಸೇಜು. ಮಂಡಿ ಮಡಿಸಿ ಅಂತ ನೆನಪಿಸೋದು ಬೇರೆ. ಯಾರೋ ನಿಮಗಾಗಿ ಕಾಯ್ತಿದ್ರು ಅನ್ನೋದು ಬೇರೆ. ಒಂಟಿಯಾಗಿರೋ ವಯಸ್ಸಾದವರು ಅದನ್ನ ಓದಿ, ಯಾರೋ ಕಾಯ್ತಿದ್ದಾರೆ ಅಂತ ಹಾಸಿಗೆಯಿಂದ ಎದ್ರು. ಯಾರೂ ಕಾಯ್ತಿರ್ಲಿಲ್ಲ."

"ಕೆಲಸ ಮಾಡಿದೆಯಲ್ಲಪ್ಪ?"

"ಮಾಡಿದೆ. ಅದಕ್ಕೇ ನನಗೆ ಹೆದರಿಕೆ."

"ಬರೆದೋನು ನೀನೇ ಅಲ್ವಾ?"

"ಬರೆದಿದ್ದಲ್ಲ. ಒಬ್ಬರಿಗೆ ಹೇಳಿದ್ದು." ಅವನು ಮೇಜನ್ನೇ ನೋಡುತ್ತಿದ್ದ. "ಅದನ್ನ ತಂದು ಇಲ್ಲಿ ಹಾಕಿದ್ದು ನನ್ನ ತಪ್ಪು. ಅದು ಮಾರೋಕಿರೋ ಮಾತಲ್ಲ."

ಬಾಸ್ ಪರದೆ ಆರಿಸಿದಳು. "ಸರಿ. ಹಾಗಾದ್ರೆ ಇದನ್ನ ಬೇರೆಯವರು ಮುಂದುವರಿಸ್ತಾರೆ. ನೀನು ನಾಳೆಯಿಂದ ಇಲ್ಲಿಗೆ ಬರೋದು ಬೇಡ."

ಇಷ್ಟಾದರೂ ಅನುಮಾನ ಅವಳ ಕೈ ಬಿಟ್ಟಿತೆಂದುಕೊಂಡಿರಾ? ಇಲ್ಲ. ನಾನು ಇಲ್ಲಿ ಕೂತಿರುತ್ತೇನೆಂದು ಅವನಿಗೆ ಗೊತ್ತಿತ್ತು, ನನಗೆ ಕೇಳಿಸಲೆಂದೇ ಹೇಳಿರಬಹುದು ಎಂದು ಅದು ಒಳಗಿನಿಂದ ಪಿಸುಗುಟ್ಟಿತು. ಆದರೆ ಈ ಸಲ ಆ ಪಿಸುಮಾತು ಅವಳಿಗೇ ಬೇಸರ ತಂದಿತು. ಇನ್ನು ಯಾವ ಸಾಕ್ಷಿ ತಂದರೂ ಇದು ಸುಮ್ಮನಿರುವುದಿಲ್ಲ. ಅವನು ನೆಲಕ್ಕೆ ಬಿದ್ದರೂ, ಎಷ್ಟು ಚೆನ್ನಾಗಿ ಬಿದ್ದ ನೋಡು ಎನ್ನುತ್ತದೆ. ನಾಳೆ ಅವನು ಬರುವುದಿಲ್ಲ. ಆ ಸ್ಟೂಲು ಖಾಲಿ ಇರುತ್ತದೆ. ಅದು ಮಾತ್ರ ಅನುಮಾನವಿಲ್ಲದ ಸತ್ಯ, ಮತ್ತು ಅದನ್ನು ಅವಳಿಗೆ ಸಹಿಸಲಾಗಲಿಲ್ಲ.

ಸಭೆ ಮುಗಿಯುವುದರೊಳಗೆ ಅವನು ಎದ್ದು ಹೋಗಿದ್ದ. ಅವಳು ಹಿಂದೆಯೇ ಓಡಿದಳು. ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದಿದ್ದ.

"ನಿಂತ್ಕೊಳ್ರೀ!"

ಅವನು ನಿಂತ. ಅವಳು ಅವನಿದ್ದ ಮೆಟ್ಟಿಲಿಗೆ ಇಳಿದು ಎದುರು ನಿಂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಒಂದು ಕೇಳ್ತೀನಿ. ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ. ನಿಮ್ಮ ವಿದ್ಯೆನ ನನ್ನ ಮೇಲೆ ಪ್ರಯೋಗ ಮಾಡಿದ್ರಾ, ಇಲ್ವಾ?"

ಅವನು ಯೋಚಿಸಿದ. "ಮಾಡಿದೆ."

ಇಲ್ಲ ಎಂದರೆ ಏನು ಹೇಳಬೇಕೆಂದು ಅವಳು ಹತ್ತು ಉತ್ತರ ಕಟ್ಟಿಕೊಂಡು ಬಂದಿದ್ದಳು. ಇದಕ್ಕೆ ಒಂದೂ ಇರಲಿಲ್ಲ.

"ಐದು ನಿಮಿಷ ಕೇಳಿದ್ನಲ್ಲ, ಐದಕ್ಕೆ ಮುಗಿಯಲ್ಲ ಅಂತ ಗೊತ್ತಿತ್ತು. ನಿಮ್ಮ ಕೊನೇ ಪೇಷೆಂಟ್ ಹೋಗೋ ಹೊತ್ತು ನೋಡ್ಕೊಂಡೇ ಬರ್ತಿದ್ದೆ. ಸಕ್ಕರೆ ವಿಷಯ ನೆನಪಿಟ್ಟಿದ್ದೂ ನಿಜ, ನೆನಪಿದೆ ಅಂತ ನಿಮಗೆ ಗೊತ್ತಾಗ್ಲಿ ಅಂತ ಹೇಳಿದ್ದೂ ನಿಜ. ಮತ್ತೆ..." ಅವನು ತಲೆ ಕೆರೆದುಕೊಂಡ. "ಬಸ್‌ಸ್ಟಾಪ್ ನನ್ನ ದಾರೀಲಿ ಇಲ್ಲ."

"ಇಲ್ವಾ?"

"ನನ್ನ ಮನೆ ಇರೋದು ಪೂರ್ತಿ ಆ ಕಡೆ."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು.

"ಪ್ರೀತಿ ಮಾಡೋರೆಲ್ಲ ಇದನ್ನೇ ಮಾಡ್ತಾರೆ ರೀ. ಅವರಿಗೆ ಅದರ ಹೆಸರು ಗೊತ್ತಿರಲ್ಲ, ನನಗೆ ಗೊತ್ತಿದೆ. ಅದೇ ನನ್ನ ಹಣೆಬರಹ. ನಿಮ್ಮನ್ನ ನೋಡಿ ನಕ್ಕರೆ, ಇದು ನಗುನಾ ಕಸುಬಾ ಅಂತ ನನಗೇ ಅನುಮಾನ. ಆ ಮಾತೊಂದನ್ನ ಮಾತ್ರ ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಡ್ತು. ಹೇಳಿದ ಮೇಲೆ ಮೀಟಿಂಗ್ ರೂಮ್ ಯಾವ ಕಡೆ ಅನ್ನೋದೂ ಮರೆತುಹೋಯ್ತು. ಅಂಥದ್ದನ್ನೇ ತಗೊಂಡು ಹೋಗಿ ಕೆಲಸಕ್ಕೆ ಹಾಕಿದೆ ನೋಡಿ, ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ."

ಅವಳೊಳಗೆ ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಏನೋ ಒಂದು ಸದ್ದಿಲ್ಲದೆ ಸಡಿಲವಾಯಿತು. ಮೋಸಗಾರ ಯಾರೂ ಬಸ್‌ಸ್ಟಾಪನ್ನು ಒಪ್ಪಿಕೊಳ್ಳುವುದಿಲ್ಲ.

"ನಿಮ್ಮ ಸ್ಟೂಲು," ಎಂದಳು ಅವಳು ನೆಲ ನೋಡುತ್ತ. "ಮೊದ್ಲು ಕಿಟಕಿ ಹತ್ರ ಇತ್ತಲ್ಲ. ಅದನ್ನ ದಿನಾ ಒಂಚೂರು ಒಂಚೂರೇ ನನ್ನ ಟೇಬಲ್ ಕಡೆ ಸರಿಸಿದ್ದು ನಾನು. ಬೇಗ ಸರಿಸಿದ್ರೆ ನಿಮಗೆ ಗೊತ್ತಾಗುತ್ತೆ ಅಂತ."

ಅವನು ಬೆರಗಾಗಿ ನೋಡಿದ. "ಅದನ್ನ ಗುಡಿಸೋರು ಸರಿಸ್ತಾರೆ ಅಂದ್ಕೊಂಡಿದ್ದೆ."

"ಸಂಜೆ ಕೊನೇ ಪೇಷೆಂಟ್ ಬೇಗ ಹೋಗ್ತಿದ್ರಲ್ಲ, ಅವರೇನೂ ತಾವಾಗಿ ಹೋಗ್ತಿರ್ಲಿಲ್ಲ."

ಕೆಳಗೆಲ್ಲೋ ಸ್ಟ್ರೆಚರಿನ ಗಾಲಿ ಕಿರುಗುಟ್ಟಿತು.

"ನಿಮ್ಮನ್ನ ಒಂದು ಕೇಳ್ಬೇಕು," ಎಂದ ಅವನು. "ನನ್ನ ಜೊತೆ ಇರ್ತೀರಾ? ಪೂರ್ತಿ. ಟೀಗೆ ಅಲ್ಲ, ಬಸ್‌ಸ್ಟಾಪಿಗೆ ಅಲ್ಲ, ಬದುಕಿಗೆ. ಚಿಕ್ಕದು ಕೇಳಿ ದೊಡ್ಡದಕ್ಕೆ ತರೋ ಆಟ ಬೇಡ, ನೇರ ದೊಡ್ಡದೇ ಕೇಳ್ತಿದ್ದೀನಿ. ಆದ್ರೆ ನನ್ನ ಕಸುಬಲ್ಲಿ ನಾನು ಒಪ್ಪೋ ನಿಯಮ ಒಂದಿದೆ. ಬೇಡ ಅನ್ನೋರ ದಾರಿ, ಬೇಕು ಅನ್ನೋರ ದಾರಿಯಷ್ಟೇ ಅಗಲ ಇರ್ಬೇಕು."

ಹಾಗೆಂದು ಅವನು ಗೋಡೆಗೆ ಬೆನ್ನು ಹಚ್ಚಿ ನಿಂತು, ಇಡೀ ಮೆಟ್ಟಿಲನ್ನು ಅವಳಿಗೆ ಬಿಟ್ಟುಕೊಟ್ಟ.

ಅವಳು ಇಳಿಯತೊಡಗಿದಳು.

ಒಂದು ಮೆಟ್ಟಿಲು, ಇನ್ನೊಂದು. ಕಿವಿ ಹಿಂದೆಯೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದಲ್ಲ. ಈಗ ಕರೆಯುತ್ತಾನೆ, ಈಗ ಹಿಂದೆ ಓಡಿ ಬರುತ್ತಾನೆ, ಒಂದು ಸವಿಮಾತಾದರೂ ಎಸೆಯುತ್ತಾನೆ ಎಂದು ಕಾದಳು. ಹೆಜ್ಜೆಯ ಸದ್ದಿಲ್ಲ. ಉಸಿರಿನ ಸದ್ದೂ ಇಲ್ಲ. ತಿರುವಿನ ತನಕ ಇಳಿದು ಹಿಂತಿರುಗಿ ನೋಡಿದಳು. ಅವನು ಗೋಡೆಗೆ ಅಂಟಿಕೊಂಡೇ ಇದ್ದ. ಕಣ್ಣುಗಳು ತುಂಬಿದ್ದವು, ಒರೆಸಿಕೊಳ್ಳಲಿಲ್ಲ, ಅವಳ ಕಡೆಗೆ ತಿರುಗಿಸಿ ತೋರಿಸಲೂ ಇಲ್ಲ. ಎದುರು ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಯನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

ಇವನನ್ನು ಬ್ರಹ್ಮ ಬಂದರೂ ಬಿಡಲಾರೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು.

"ಬಾ," ಎಂದಳು. "ಬಂದು ಕೂತ್ಕೋ."

ಅವನು ಗೋಡೆ ಬಿಡಲಿಲ್ಲ. ಈಗ ಅನುಮಾನ ಪಡುವ ಸರದಿ ಅವನದಾಗಿತ್ತು. "ಇದು... ತಂತ್ರ ಅಲ್ಲ ತಾನೆ?"

"ತಂತ್ರಾನೇ. ನಿನ್ನನ್ನ ಇಲ್ಲಿಂದ ಹೋಗದ ಹಾಗೆ ಮಾಡೋಕೆ," ಎಂದಳು ಅವಳು. "ಮೊದ್ಲೇ ಹೇಳಿ ಮಾಡ್ತಿದ್ದೀನಿ. ಬೇಡ ಅಂದ್ರೆ ಮೇಲಕ್ಕೂ ದಾರಿ ಇದೆ."

ಅವನು ಮೇಲೆ ನೋಡಲೇ ಇಲ್ಲ.